ತವರಿನ ಗೋಡೆಗೆ ಸಿಮೆಂಟು

ಸಫೊಕ್ ಸೀಮೆಯ ಆ ಕೆಂಪಿಟ್ಟಿಗೆಯ ತೋಟದ ಮನೆ ಓಲಿವ್‌ಳ ತವರು. ಅವಳ ಹಿರೀಕರು ಹೊಲದ ಜೇಡಿ ಅಗೆದು, ಅಲ್ಲೇ ಸುಟ್ಟ ಇಟ್ಟಿಗೆ. ಒಂದೊಂದಕ್ಕೂ ಒಂದೊಂದು ಬಣ್ಣ, ಒಂದಾದರೂ ನೆಟ್ಟಗಿಲ್ಲ. ಸಂದಿಗೆ ಬರೀ ಸುಣ್ಣದ ಗಾರೆ. ಮದುವೆಯಾಗಿ ಅವಳು ಎಲ್ಲಿಗೂ ಹೋಗಲಿಲ್ಲ. ಗಂಡ ರೂಬೆನ್ನೇ ಒಂದು ಪೆಟ್ಟಿಗೆ ಹಿಡಿದುಕೊಂಡು ಇಲ್ಲಿಗೆ ಬಂದ. ಹಂದಿ ನೋಡಿಕೊಳ್ಳುತ್ತಿದ್ದ ಆಳು ಮನೆಯಳಿಯನಾದರೆ ಮಾವ ಸುಮ್ಮನಿರುತ್ತಾನೆಯೇ? ಭಾನುವಾರದ ಊಟಕ್ಕೆ ಹುರಿದ ಮಾಂಸ ಕೊಯ್ಯುತ್ತ ಅನ್ನುತ್ತಿದ್ದ, "ರೂಬೆನ್ನಿಗೆ ದೊಡ್ಡ ತುಂಡು ಹಾಕಿ. ಪಾಪ, ಹಂದಿ ಕಾದಿದ್ದೇ ಬಂತು, ತಿಂದಿದ್ದೆಲ್ಲಿ?"

ರೂಬೆನ್ ನುಂಗಿಕೊಂಡ. ಒಂದು ಚಳಿಗಾಲ ಮಾವ ಗೋಡೆಯ ಸಂದಿಗೆ ಬೆರಳು ಹಾಕಿ, ಗಾರೆ ಉದುರಿದ್ದನ್ನು ನೋಡಿ, "ನನ್ನ ಜೊತೆ ಇದೂ ಹೋಗುತ್ತೆ" ಅಂದದ್ದು ಮಾತ್ರ ಅವನ ಮನಸ್ಸಿಗೆ ನಾಟಿತು. ಕೊಯ್ಲು ಮುಗಿದದ್ದೇ ತಡ, ಸಿಮೆಂಟು ತಂದ. ಹಳೆ ಗಾರೆ ಕೆರೆದು ಸಂದುಸಂದಿಗೂ ಸಿಮೆಂಟು ಒತ್ತಿದ. ವರ್ಷಕ್ಕೊಂದಿಷ್ಟು ಗೋಡೆ. ಕೈ ಬಿರಿದು ರಕ್ತ ಬಂದರೂ ಬಿಡಲಿಲ್ಲ. ಮೂರು ಗೋಡೆ ಮುಗಿಯುವ ಹೊತ್ತಿಗೆ ಹಾಸಿಗೆ ಹಿಡಿದಿದ್ದ ಮಾವ, ಅಳಿಯನ ಕೈ ಹಿಡಿದು, "ನೀನು ಬಂದಿದ್ದಕ್ಕೆ ಈ ಮನೆ ಉಳೀತಪ್ಪ" ಅಂದ. ರೂಬೆನ್ ಕೊಟ್ಟಿಗೆಗೆ ಹೋಗಿ ಅತ್ತು ಬಂದದ್ದು ಓಲಿವ್‌ಗೆ ಗೊತ್ತು.

ನಾಲ್ಕನೆಯ ಗೋಡೆಗೆ ಕೈ ಹಾಕುವ ಮೊದಲೇ ಲಕ್ವ ಹೊಡೆದು ಅವನ ಬಲಭಾಗ ಬಿದ್ದುಹೋಯಿತು. "ಉತ್ತರದ ಗೋಡೆಯೊಂದು ನಿನಗೆ ಮಾಡಿಕೊಡೋಕಾಗಲಿಲ್ಲ ಕಣೇ" ಎಂದು ಗಾಲಿಕುರ್ಚಿಯಲ್ಲಿ ಕೂತು ದಿನಾ ಕೊರಗುತ್ತಾನೆ.

ಅವನು ನೋಡದಿರುವುದು ಬೇರೆಯೇ ಇದೆ. ಹಿಮ ಬಿದ್ದ ಮರುಬೆಳಗ್ಗೆ, ಅವನು ಸಿಮೆಂಟು ಒತ್ತಿದ ಮೂರು ಗೋಡೆಗಳ ಬುಡದಲ್ಲಿ ಕೆಂಪು ಚಕ್ಕೆ ಉದುರಿರುತ್ತದೆ. ಸಿಮೆಂಟು ಜೇನುಹುಟ್ಟಿನ ಗೋಡೆಯಂತೆ ಹಾಗೇ ನಿಂತಿದೆ, ನಡುವಿನ ಇಟ್ಟಿಗೆ ಗುಳಿಬೀಳುತ್ತಿದೆ. ಓಲಿವ್ ಅವನನ್ನು ಎಬ್ಬಿಸುವ ಮೊದಲೇ ಗುಡಿಸಿಬಿಡುತ್ತಾಳೆ, ಅವನ ಕುರ್ಚಿಯನ್ನು ಆ ಗೋಡೆಗಳತ್ತ ತಳ್ಳುವುದೇ ಇಲ್ಲ. ಕೊನೆಗೆ ತಡೆಯಲಾರದೆ ಗಾರೆ ಕೆಲಸದ ಸ್ಟಾನ್ ಪೆಟಿಟ್‌ನನ್ನು ಕರೆಸಿದಳು. ಅವನು ಕೋಳಿಗೂಡಿನ ಹಿಂದೆ ನಿಂತು ದನಿ ತಗ್ಗಿಸಿದ.

"ಹಳೇ ಇಟ್ಟಿಗೆ ನೀರು ಕುಡಿಯುತ್ತೆ, ಮಿಸೆಸ್ ಗ್ಯಾರಡ್. ಸುಣ್ಣದ ಗಾರೆಯಾದ್ರೆ ಸಂದೀಲಿ ಆರಿಹೋಗುತ್ತೆ. ಸಿಮೆಂಟು ಆ ದಾರಿ ಕಟ್ಟಿಬಿಟ್ಟಿದೆ. ನೀರು ಇಟ್ಟಿಗೇಲೇ ನಿಂತು, ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತೆ."

"ಕೀಳೋಕಾಗಲ್ವಾ?"

"ಕಿತ್ರೆ ಇಟ್ಟಿಗೇನೂ ಕಿತ್ಕೊಂಡು ಬರುತ್ತೆ. ಉತ್ತರದ ಗೋಡೆ ಗಟ್ಟಿಯಾಗಿದೆ, ಅದಕ್ಕೆ ಮಾತ್ರ ಸಿಮೆಂಟು ಮುಟ್ಟಿಸಬೇಡಿ."

"ಅವನ ಮುಂದೆ ಬಾಯಿ ಬಿಡಬೇಡಪ್ಪ."

ಚಹಾಕ್ಕೆ ಒಳಗೆ ಬಂದ ಸ್ಟಾನ್‌ನನ್ನು ಕಂಡು ರೂಬೆನ್ನನ ಮುಖ ಅರಳಿತು. "ಉತ್ತರದ ಗೋಡೆಗೆ ತಾನೇ ಕರೆಸಿರೋದು? ನನಗೆ ಹೇಳದೇನೇ? ಭಾರೀ ಕಿಲಾಡಿ ಕಣಯ್ಯ ಇವಳು." ಅಷ್ಟು ಸಂತೋಷವನ್ನು ಅವನ ಮುಖದಲ್ಲಿ ಓಲಿವ್ ನೋಡಿ ಎಷ್ಟೋ ಕಾಲವಾಗಿತ್ತು. ಅಲ್ಲ ಎನ್ನದೆ ಅವಳು ಚಹಾ ಬಗ್ಗಿಸಿದಳು.

ಸುಣ್ಣಕ್ಕೇ ಬೂದುಬಣ್ಣ ಬೆರೆಸಿ ಒತ್ತುತ್ತೇನೆಂದು ಸ್ಟಾನ್ ಬಾಗಿಲಲ್ಲಿ ಪಿಸುಗುಟ್ಟಿ ಹೋದ. ಆದರೆ ಕೆಲಸದ ದಿನ ರೂಬೆನ್ ಕಂಬಳಿ ಹೊದ್ದು, ಹಟ ಹಿಡಿದು, ಕುರ್ಚಿಯನ್ನು ಗೋಡೆಯ ಪಕ್ಕಕ್ಕೇ ತಳ್ಳಿಸಿಕೊಂಡ. ಸಿಮೆಂಟಿನ ಮೂಟೆ ತನ್ನೆದುರೇ ಬಿಚ್ಚಬೇಕು ಅಂದ. "ಸುಣ್ಣಗಿಣ್ಣ ಬೆರೆಸೀಯ ಜೋಕೆ. ಲಕ್ವ ಹೊಡೆದಿರೋದು ಕೈಗೆ, ಕಣ್ಣಿಗಲ್ಲ."

ಸ್ಟಾನ್ ಓಲಿವ್‌ಳತ್ತ ನೋಡಿದ. ಒಂದು ಮಾತು ಹೇಳಿದರೆ ಗೋಡೆ ಉಳಿಯುತ್ತಿತ್ತು. ಆ ಮಾತು ಕೇಳಿದ ಮೇಲೆ ರೂಬೆನ್ ಉಳಿದ ಆಯುಷ್ಯವನ್ನು ಆ ಮೂರು ಗೋಡೆ ನೋಡುತ್ತ ಕಳೆಯಬೇಕಿತ್ತು. ಅಷ್ಟು ದುಡಿದವನಿಗೆ ಇಂಥ ಶಿಕ್ಷೆ ಯಾವ ನ್ಯಾಯವೋ, ಓಲಿವ್‌ಗೆ ತಿಳಿಯಲಿಲ್ಲ. ಆಗಲಿ ಎಂದು ತಲೆಯಾಡಿಸಿದಳು. ಸ್ಟಾನ್ ಸಿಮೆಂಟು ಕಲಸಿದ.

ರೂಬೆನ್ ಎಡಗೈಯಲ್ಲಿ ಕರಣೆ ಎತ್ತಿ ಅವಳಿಗೆ ಚಾಚಿದ. "ನಿಮ್ಮಪ್ಪನ ಮನೆ. ಮೊದಲನೇ ಸಂದು ನೀನೇ ತುಂಬು."

ಓಲಿವ್ ತುಂಬಿದಳು.

"ಇನ್ನೂ ಗಟ್ಟಿಯಾಗಿ ಒತ್ತೇ. ಒಂದು ಚೂರೂ ಗಾಳಿ ಆಡಬಾರದು."

ಅವಳು ಗಟ್ಟಿಯಾಗಿ ಒತ್ತಿದಳು.