ಕಡಲೆ ಹೊಲದಲ್ಲಿ ತಂಬಾಕು ತಿಕ್ಕುತ್ತಿದ್ದವರು

ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದು ನಮ್ಮವ್ವ ಕಲಿಸಿದ್ದಳು. ಬರೆಯಬಾರದು ಎಂದು ಕಲಿಸಿರಲಿಲ್ಲ. ಅದಕ್ಕೇ ಬರೆಯುತ್ತೇನೆ: ನಿಜಗುಣಪ್ಪ. ರಾಮದುರ್ಗ ತಾಲೂಕಿನ ಸಾಲಹಳ್ಳಿಯವರು. ಒಂದಿಷ್ಟು ಎರೆ ಹೊಲ, ಒಂದು ಜೋಡಿ ಎತ್ತು, ಒಂದು ಚಕ್ಕಡಿ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡರು.

ನಾನು ಕಿತ್ತೂರಿನ ಹತ್ತಿರದ ದೇಗಾಂವದವಳು. ನಮ್ಮ ಕಡೆ ಭತ್ತ, ಗಿಡಮರ. ಮದುವೆಯಾಗಿ ಇಲ್ಲಿಗೆ ಬಂದಾಗಲೇ ಕಣ್ಣು ಮುಟ್ಟುವವರೆಗೂ ಹಬ್ಬಿದ ಕಡಲೆ ಹೊಲ ನೋಡಿದ್ದು. ಕಡಲೆ ಗಿಡದ ಮೈಯೆಲ್ಲ ಹುಳಿ. ಅದನ್ನು ಕೀಳುವವರ ಕೈ ಮಧ್ಯಾಹ್ನದ ಹೊತ್ತಿಗೆ ಹುಳಿಯಲ್ಲಿ ಅದ್ದಿ ತೆಗೆದಂತಾಗಿರುತ್ತದೆ. ಆ ಕೈಯಿಂದ ತಂಬಾಕು ತಿಕ್ಕಿದರೆ ಸುಣ್ಣ ಸತ್ತುಹೋಗುತ್ತದೆ, ರುಚಿ ಕೆಡುತ್ತದೆ ಎನ್ನುತ್ತಾರೆ. ನಮ್ಮವರು ಕಿತ್ತ ಗಿಡವನ್ನು ಕವೆಗೋಲಿನಿಂದ ಚಕ್ಕಡಿಗೆ ಏರಿಸುವವರು, ಅವರ ಕೈಗೆ ಹುಳಿ ಹತ್ತುತ್ತಿರಲಿಲ್ಲ. ಹಾಗಾಗಿ ಎಲ್ಲರ ಪಾಲಿನ ತಂಬಾಕನ್ನೂ ಅವರೇ ತಿಕ್ಕಬೇಕು. ಅಂಗೈಯಲ್ಲಿ ಹಾಕಿ, ಸುಣ್ಣ ಹಚ್ಚಿ, ಹೆಬ್ಬೆರಳಿಂದ ಹೊಸೆದು, ಟಪ್ ಟಪ್ ಎಂದು ತಟ್ಟಿ ಧೂಳು ಹಾರಿಸಿ, ಸಾಲಿನಿಂದ ಸಾಲಿಗೆ ಹೋಗುತ್ತಿದ್ದರು. ಗಂಡಸರು ಬಗ್ಗಿದಲ್ಲಿಂದಲೇ ಮುಖ ಎತ್ತಿ ಬಾಯಿ ತೆಗೆದರೆ ಇವರು ಎರಡು ಬೆರಳಿಂದ ಚಿಟಿಕೆ ತಂಬಾಕನ್ನು ಗಲ್ಲದೊಳಗೆ ಇಟ್ಟು ಮುಂದೆ ನಡೆಯುತ್ತಿದ್ದರು. ಹೆಂಗಸರ ಪಾಲು ನನ್ನ ಕೈಗೆ ಬರುತ್ತಿತ್ತು. ನಾನು ಕುಡಿಯುವ ನೀರು ಹೊತ್ತು ತಿರುಗುವವಳು.

ಮೊದಲ ಚಿಟಿಕೆ ಯಾವಾಗಲೂ ಹಣಮಂತಪ್ಪನವರಿಗೆ. ಅವರು ನಮ್ಮವರ ಬಾಲ್ಯದ ಗೆಳೆಯ, ಹೊಲಕ್ಕೆ ಹೊಲ ಹತ್ತಿದವರು. ಇವರ ಕೆಲಸಕ್ಕೆ ಅವರು, ಅವರ ಕೆಲಸಕ್ಕೆ ಇವರು, ಹೀಗೆ ಮುಯ್ಯಿಗೆ ದುಡಿಯುವವರು. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು.

ಹೀಗಿರುವಾಗ ಊರಿಗೆ ಒಂದು ಸಂಶೋಧನೆಯ ತಂಡದವರು ಬಂದರು. ಅವರಲ್ಲಿ ರಾಜೇಶ್ವರಿ ಎಂಬ ಡಾಕ್ಟರಬಾಯಿ. ಸವದತ್ತಿ, ರಾಮದುರ್ಗ ಕಡೆಯ ಕೆಲವು ಹಳ್ಳಿ ಆರಿಸಿಕೊಂಡು ಪ್ರತಿ ವರ್ಷ ಬಂದು ಬಾಯಿ ನೋಡುತ್ತಾರಂತೆ. ತಂಬಾಕು ಯಾರು ಬಿಟ್ಟರು, ಯಾರು ಬಿಡಲಿಲ್ಲ, ಬಿಟ್ಟವರು ಯಾಕೆ ಮತ್ತೆ ಹಿಡಿದರು ಎಂದು ಕೇಳುತ್ತಾರಂತೆ. ಬಾಯಿಯ ಕ್ಯಾನ್ಸರನ್ನು ಬರುವ ಮೊದಲೇ ತಡೆಯಬಹುದೇ ಎಂದು ನೋಡುವುದು ಅವರ ಕೆಲಸ. ಶಾಲೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ ಬ್ಯಾಟರಿ ಹಿಡಿದು ನೋಡಿದರು. ನಮ್ಮವರು ತಮಾಷೆ ನೋಡಲು ಹೋದವರು, ತಾವೇ ಕುರ್ಚಿಯಲ್ಲಿ ಕೂತರು.

"ಅಜ್ಜಾರ, ಬಾಯಿ ಅಗಲ ತಗೀರಿ."

"ಇಷ್ಟ ಅಗಲ ನನ್ನ ಮದವಿ ಊಟದಾಗ ತಗದಿದ್ದೆ ನೋಡ್ರಿ ಬಾಯಾರ."

ಕೂಡಿದವರೆಲ್ಲ ನಕ್ಕರು. ಡಾಕ್ಟರಬಾಯಿಯವರೂ ನಗುತ್ತಲೇ ಬಗ್ಗಿ ನೋಡಿದರು. ಆಮೇಲೆ ಅವರ ನಗು ನಿಂತಿತು.

"ಎಡಗಲ್ಲದ ಒಳಗ ಬೆಳ್ಳನ ಪದರ ಬಂದೈತ್ರಿ. ಇದು ಇನ್ನೂ ರೋಗ ಅಲ್ಲ. ರೋಗ ದಾರ್ಯಾಗ ಐತಿ. ಈಗ ತಂಬಾಕ ಬಿಟ್ರ ತಿರುಗಿ ಹೋಗಬಹುದು."

"ಯಾರು ತಿರುಗಿ ಹೋಗೂದ್ರಿ, ಅದೋ ನಾನೋ?"

"ಅದನ್ನ ನೀವ ಹೇಳಬೇಕ್ರಿ ಅಜ್ಜಾರ."

ಮನೆಗೆ ಬಂದವರೇ ಸೊಂಟದ ತಂಬಾಕಿನ ಸಂಚಿ ಬಿಚ್ಚಿ ನನ್ನ ಮುಂದೆ ಇಟ್ಟು, "ಇದನ್ನ ತೊಳದು ಒಣಹಾಕು" ಎಂದರು. ಎಷ್ಟು ನೀರು ಬದಲಿಸಿದರೂ ಕಂದು ಬಣ್ಣವೇ ಬರುತ್ತಿತ್ತು. ಆ ವಾರ ಅವರ ಜೊತೆ ಬಾಳುವುದು ಕಷ್ಟವಾಯಿತು. ತಲೆಶೂಲೆ, ಸಿಟ್ಟು, ಎತ್ತಿಗೂ ಬೈಗುಳ. ಸಾರಿಗೆ ಉಪ್ಪು ಜಾಸ್ತಿ ಎಂದು ತಾಟು ಸರಿಸಿದರು, ನಾನು ಇನ್ನೂ ಉಪ್ಪೇ ಹಾಕಿರಲಿಲ್ಲ. ಹುರಿದ ಅಗಸಿ, ಬಡೇಸೋಪು ಕೊಟ್ಟು ಕೊಟ್ಟು ದಿನ ದೂಡಿದೆ.

ಅದನ್ನು ಗೆದ್ದರು. ಗೆಲ್ಲಲಾಗದ್ದು ಬೇರೆಯೇ ಇತ್ತು. ಒಂದು ಸಂಜೆ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಹಣಮಂತಪ್ಪ ಏನೋ ಮಾತಾಡುತ್ತ, ಎಂದಿನಂತೆ ಇವರ ಕಡೆ ನೋಡದೆಯೇ ಅಂಗೈ ಚಾಚಿದರು. ಕೈಗೆ ಏನೂ ಬೀಳಲಿಲ್ಲ.

"ಕೊಡೋ."

"ಇಲ್ಲೋ."

"ತೀರೇತೇನು? ನಿಂಗರಾಜನ ಅಂಗಡ್ಯಾಗ ತಗೊಂಬರ್ಲಿ?"

"ತೀರಿಲ್ಲ. ಬಿಟ್ಟೇನಿ."

"ನೀ ಬಿಟ್ರ ಬಿಡಪಾ. ನನಗ ತಿಕ್ಕಿ ಕೊಡು."

"ನನಗ ವಿಷ ಅಂದದ್ದನ್ನ ನಿನಗ ಹ್ಯಾಂಗ ಕೊಡ್ಲೋ ಹಣಮ್ಯಾ?"

"ಓಹೋ! ಡಾಕ್ಟರಬಾಯಾರ ಕಡೆ ದೀಕ್ಷಾ ತಗೊಂಡಾನ ನೋಡ್ರಪೋ! ನಾಳಿಂದ ಇವನ ಪಾದಕ್ಕ ಬೀಳಬೇಕು!"

ಕಟ್ಟೆಯವರೆಲ್ಲ ನಕ್ಕರು, ನಮ್ಮವರೂ ನಕ್ಕರು. ಹಣಮಂತಪ್ಪ ಮಾತ್ರ ನಗಲಿಲ್ಲ. ಖಾಲಿ ಅಂಗೈಯನ್ನು ಒಮ್ಮೆ ನೋಡಿಕೊಂಡು, ಧೋತರಕ್ಕೆ ಒರೆಸಿ ಎದ್ದುಹೋದರು. ಈ ಕಡೆ ಬದುವಿನ ಜಗಳಕ್ಕೆ ಕೋರ್ಟಿಗೆ ಹೋದವರೂ ಕೋರ್ಟಿನ ಹೊರಗೆ ಒಂದೇ ಸಂಚಿಯಿಂದ ತಿಕ್ಕಿಕೊಳ್ಳುತ್ತಾರೆ. ಚಾಚಿದ ಕೈಗೆ ಇಲ್ಲ ಎನ್ನುವುದು ಬೈಗುಳಕ್ಕಿಂತ ದೊಡ್ಡದು.

ಆ ದಿನದಿಂದ ಅವರು ಬರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ನಿಂಗರಾಜನ ಅಂಗಡಿಯ ಕಟ್ಟೆಗೆ ಸರಿದರು. ಮುಂಗಾರಿಯಲ್ಲಿ ಹಣಮಂತಪ್ಪನವರ ಎತ್ತು ಬೇರೆಯವರ ಮುಯ್ಯಿಗೆ ಹೋದವು. ನಮ್ಮವರು ಒಬ್ಬರೇ ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಹೊಲದಿಂದ ಬಂದ ಕೂಡಲೇ ಕಾಲಿಗೆ ನೀರು ಹಾಕಿಕೊಳ್ಳುತ್ತ, "ಯಾರರ ಬಂದಿದ್ರೇನು?" ಎಂದು ಕೇಳುತ್ತಿದ್ದರು. ಯಾರು ಎಂದು ನಾನೂ ಕೇಳುತ್ತಿರಲಿಲ್ಲ.

ಮರುವರ್ಷ ರಾಜೇಶ್ವರಿಬಾಯಿ ಬಂದು ನೋಡಿದರೆ ಗಲ್ಲದ ಬಿಳಿ ಪದರ ಬಹಳ ಮಟ್ಟಿಗೆ ಹೋಗಿತ್ತು. ಅವರಿಗೆ ಖುಷಿಯೋ ಖುಷಿ.

"ಅಜ್ಜಾರ, ಬಿಡೂದು ಭಾಳ ಕಠಿಣ ಆತೇನ್ರಿ?"

"ಬಿಡೂದು ಸಸಾರ ರೀ ಬಾಯಾರ. ಕೈ ಚಾಚಿದವಗ ಇಲ್ಲ ಅನ್ನೂದು ಕಠಿಣ. ನಿಮ್ಮ ಸಂಶೋಧನಾದಾಗ ಅದಕ್ಕೇನರ ಔಷಧ ಐತೇನ್ರಿ?"

ಡಾಕ್ಟರಬಾಯಿ ಮುನವಳ್ಳಿಯ ಕಡೆ ತಮ್ಮ ಜೊತೆ ಬಂದು ಜನರಿಗೆ ನಾಲ್ಕು ಮಾತು ಹೇಳಿ ಎಂದರು. "ನಮ್ಮೂರಾಗ ಒಬ್ಬಾಂವ ನನ್ನ ಮಾತು ಕೇಳವಲ್ಲ, ಮುನವಳ್ಳ್ಯಾಗ ಏನ ಹೇಳ್ಲಿ?" ಎಂದು ಇವರು ಎದ್ದು ಬಂದರು. ಆ ವರ್ಷವೂ ಹಣಮಂತಪ್ಪ ಬಾಯಿ ತೋರಿಸಲು ಬರಲಿಲ್ಲ.

ಅವರ ಹೆಂಡತಿ ಲಗಮವ್ವ ನನಗೆ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಳು. ಬುಟ್ಟಿ ಇಳಿಸುತ್ತಲೇ ಹೇಳಿದಳು.

"ಅಕ್ಕಾ, ನಮ್ಮಾವ್ರು ರೊಟ್ಟಿ ಕಡಿಯೂದ ಬಿಟ್ಟಾರ. ಹಾಲಾಗ ಕಲಸಿ ನುಂಗತಾರ. ಖಾರ ಅಂದ್ರ ಕಣ್ಣಾಗ ನೀರು."

"ಯಾರಿಗರ ತೋರಿಸೀರೇನವಾ?"

"ಉಷ್ಣ ಆಗೇತಿ, ಹೋಗತೈತಿ ಅಂತಾರ. ಬಾಯಿ ಉರಿತೈತಂತ ಇನ್ನಷ್ಟ ತಂಬಾಕ ಇಟ್ಕೊಂತಾರ. ಜೋಮ ಹಿಡದು ಉರಿ ತಿಳಿಯೂದಿಲ್ಲಂತ."

ಅದನ್ನು ಕೇಳಿದ ಕೂಡಲೇ ನಮ್ಮವರು ಅವರ ಬಾಗಿಲಿಗೆ ಹೋದರು. ಒಳಗಿನಿಂದ "ಮನ್ಯಾಗ ಇಲ್ಲಂತ ಹೇಳು" ಎಂದು ಹಣಮಂತಪ್ಪನವರದೇ ದನಿ ಕೇಳಿಸಿತಂತೆ. "ಇಲ್ಲದಾಂವ ಚಲೋ ಮಾತಾಡ್ತಾನಲ್ಲ ಲಗಮವ್ವಾ" ಎಂದು ನಕ್ಕು ತಿರುಗಿ ಬಂದರು. ಬಂದವರು ಊಟ ಮಾಡಲಿಲ್ಲ. ತಪಾಸಣೆಯ ದಿನ ಡಾಕ್ಟರಬಾಯಿ ತೋರಿಸಿದ್ದ ಕ್ಯಾನ್ಸರಿನ ಚಿತ್ರಗಳು ಅವರ ಕಣ್ಣ ಮುಂದೆಯೇ ಇದ್ದವು. ಗೆಳೆಯನ ಬಾಯಲ್ಲಿ ಏನಿದೆ ಎಂದು ನೋಡದೆ ಈ ಮನುಷ್ಯನಿಗೆ ಅನ್ನ ಇಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಕಡಲೆ ಕೀಳುವ ಕಾಲ ಬಂತು. ಒಂದು ದಿನ ನಸುಕಿನಲ್ಲೇ ಚಕ್ಕಡಿ ಹೂಡಿದರು.

"ಎಲ್ಲಿಗ್ರಿ?"

"ಹಣಮ್ಯಾನ ಹೊಲಕ್ಕ."

"ಕರದಾರೇನ್ರಿ?"

"ಕರಿಲಿ ಅಂತ ಕುಂತ್ರ ಅದೆಂಥಾ ಮುಯ್ಯಿ? ಕೊಡ ತಗೊ, ಹತ್ತು."

ದಾರಿಯಲ್ಲಿ ನಿಂಗರಾಜನ ಅಂಗಡಿಯ ಮುಂದೆ ಎತ್ತು ನಿಲ್ಲಿಸಿ ತಂಬಾಕು, ಸುಣ್ಣ ಕೊಂಡರು. "ಇದ್ಯಾಕ್ರಿ ಮತ್ತ?" ಎಂದೆ. ಅವರು ಬಾರುಕೋಲು ಎತ್ತಿದರು.

ಹೊಲದಲ್ಲಿ ಹಣಮಂತಪ್ಪ ನಮ್ಮನ್ನು ನೋಡಿಯೂ ನೋಡದವರಂತೆ ಬಗ್ಗಿ ಕೀಳುತ್ತಿದ್ದರು. ಮೈ ಬಡಕಲಾಗಿತ್ತು. ನಮ್ಮವರು ಕೇಳದೆ ಹೇಳದೆ ಗಿಡ ಏರಿಸತೊಡಗಿದರು. ಬಿಸಿಲೇರಿದಾಗ ಚಕ್ಕಡಿಯ ನೆರಳಲ್ಲಿ ನಿಂತು ತಂಬಾಕು ಹೊಸೆದರು. ಟಪ್ ಟಪ್ ಸಪ್ಪಳ ಕೇಳಿ ಹಣಮಂತಪ್ಪನವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಆಳುಗಳೆಲ್ಲ ಕೈ ನಿಲ್ಲಿಸಿ ನೋಡಿದರು. ಇವರು ನೇರ ಅವರ ಹತ್ತಿರ ಹೋಗಿ, "ತಗೊ" ಎಂದರು.

ಹಣಮಂತಪ್ಪ ಕೈ ಚಾಚಿದರು. ಕೈ ಹುಳಿಯಾಗಿದ್ದದ್ದು ನೆನಪಾಗಿ ಹಿಂದೆಗೆದುಕೊಂಡರು. ಇವರ ಮುಖವನ್ನೇ ನೋಡುತ್ತ ಬಾಯಿ ತೆಗೆದರು.

ಬಾಯಿ ತೆರೆದದ್ದು ಒಂದು ಬೆರಳಿನಷ್ಟು. ಚಿಟಿಕೆ ಹಿಡಿದ ಎರಡು ಬೆರಳು ಒಳಗೆ ಹೋಗಲಿಲ್ಲ. ನಮ್ಮವರು ತಂಬಾಕನ್ನು ಅಲ್ಲೇ ಮಣ್ಣಿಗೆ ಚೆಲ್ಲಿ, ಕೈಯನ್ನು ಅಂಗಿಗೆ ಒರೆಸಿ, ಬರಿಯ ಬೆರಳಿಂದ ಗಲ್ಲದೊಳಗೆ ಮುಟ್ಟಿ ನೋಡಿದರು. ಹಣಮಂತಪ್ಪ "ಹಾ" ಎಂದು ನರಳಿದರು.

"ಇನ್ನಷ್ಟ ತಗಿಯೋ."

"ಇರೂದ ಇಷ್ಟ."

"ಯಾವಾಗಿಂದ?"

"ನೀ ಇಡೂದ ಬಿಟ್ಟ ಮ್ಯಾಲೆ ನನ್ನ ಬಾಯಿ ಯಾರು ನೋಡ್ಯಾರ?"

ನಮ್ಮವರು ಕಡಲೆ ಸಾಲಿನಲ್ಲೇ ಕುಸಿದು ಕೂತು ಅತ್ತರು. ಅತ್ತೆ ಸತ್ತಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

"ಏಳೋ, ಆಳ ನಗ್ತಾವ."

"ನಗಲಿ. ದವಾಖಾನಿಗೆ ಬರ್ತಿಯೋ ಇಲ್ಲೋ?"

"ಕಡ್ಲಿ?"

ಲಗಮವ್ವ ಸೆರಗು ಬಿಗಿದು ಮುಂದೆ ಬಂದಳು. "ಕಡ್ಲಿ ನಾವು ಕಿತ್ತಕೊಂತೇವಿ. ನಿಮ್ಮಿಬ್ಬರ ಸಿಟ್ಟು ಸೆಡವಿನಾಗ ನನ್ನ ಸಂಸಾರ ಯಾಕ ಹಾಳ ಮಾಡ್ತೀರಿ? ನಡೀರಿ ಮದಲ!"

ಆಗ ರಾಜೇಶ್ವರಿಬಾಯಿ ರಾಮದುರ್ಗದಲ್ಲಿದ್ದರು. ಅವರು ನೋಡಿದವರೇ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಳಿಸಿದರು. ಕ್ಯಾನ್ಸರೇ ಆಗಿತ್ತು, ಕುತ್ತಿಗೆಗೆ ಇಳಿದಿರಲಿಲ್ಲ. ಗಲ್ಲದ ಒಳಭಾಗ, ದವಡೆಯ ಒಂದು ತುಂಡು ತೆಗೆದರು, ಎದೆಯ ಮಾಂಸ ಹಚ್ಚಿ ಮುಚ್ಚಿದರು. ಆಮೇಲೆ ಕರೆಂಟು ಕೊಟ್ಟರು, ರೇಡಿಯೇಶನ್ ಅಂತಾರಲ್ಲ ಅದು. ಅಷ್ಟೂ ದಿನ ನಮ್ಮವರು ಅಲ್ಲಿಯೇ ವರಾಂಡದಲ್ಲಿ ಮಲಗಿ ಎದ್ದರು. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಜೀವ ಉಳಿಯಿತು, ಮಾತು ಮಾತ್ರ ಒಡೆಯಿತು. ಶಬ್ದಗಳು ಬಾಯಲ್ಲೇ ಕಲಸಿ ಹೊರಬರುತ್ತಿದ್ದವು. ಲಗಮವ್ವನಿಗೂ ಅರ್ಧ ತಿಳಿಯುತ್ತಿರಲಿಲ್ಲ. ನಮ್ಮವರಿಗೆ ಹೇಗೋ ಎಲ್ಲ ತಿಳಿಯುತ್ತಿತ್ತು. ನಮ್ಮ ಕಟ್ಟೆ ಮತ್ತೆ ತುಂಬಿತು. ಹಣಮಂತಪ್ಪ ಬಹಳ ಹೊತ್ತು ಏನೋ ಹೇಳುತ್ತಿದ್ದರು, ಜನ ಇವರ ಮುಖ ನೋಡುತ್ತಿದ್ದರು. ಇವರು ಗಂಭೀರವಾಗಿ, "ಚಾ ಬೇಕಂತ" ಎನ್ನುತ್ತಿದ್ದರು. ಅವರು ಇವರ ಬೆನ್ನಿಗೆ ಗುದ್ದುತ್ತಿದ್ದರು. ಆಮೇಲೆ ಇವರು ನಿಜವಾದದ್ದನ್ನು ಹೇಳುತ್ತಿದ್ದರು. ಆ ಬಾಯಿ ನೋಡಿ, ಆ ಮಾತು ಕೇಳಿ ಊರಲ್ಲಿ ಕೆಲವರು ತಂಬಾಕು ಬಿಟ್ಟರು. ಎಲ್ಲರೂ ಬಿಟ್ಟರು ಎಂದರೆ ಸುಳ್ಳಾಗುತ್ತದೆ. ಬಾಯಿಯವರು ಕರೆದಾಗ ಮುನವಳ್ಳಿಗೂ ಇಬ್ಬರೂ ಕೂಡಿಯೇ ಹೋಗಿಬಂದರು, ಒಬ್ಬರು ಮಾತಾಡಲು, ಒಬ್ಬರು ತಿಳಿಸಲು.

ಹೋದ ವರ್ಷ ಊಟ ಮಾಡಿ ಮಲಗಿದ ನಮ್ಮವರು ಏಳಲಿಲ್ಲ. ಹೃದಯ ನಿಂತಿತಂತೆ. ಅಷ್ಟು ವರ್ಷ ತಿಂದ ತಂಬಾಕು ಎದೆಗೂ ಏನಾದರೂ ಮಾಡಿತ್ತೇ ಎಂದು ರಾಜೇಶ್ವರಿಬಾಯಿಯನ್ನು ಕೇಳಿದೆ. ಮಾಡಿರಬಹುದು, ಇವರ ವಿಷಯದಲ್ಲಿ ಹೀಗೇ ಎಂದು ಹೇಳಲು ಬರುವುದಿಲ್ಲ ಎಂದರು. ಈ ಸಲದ ತಪಾಸಣೆಗೆ ಬಂದಾಗ ಹಣಮಂತಪ್ಪನವರ ಮಾತು ತಿಳಿಸಲು ಅವರ ಪಕ್ಕ ನನ್ನನ್ನು ಕೂರಿಸಿದರು. ಹಣಮಂತಪ್ಪ ಏನೇನೋ ಹೇಳಿದರು, ನನಗೆ ಹರಕು ಮುರುಕು ತಿಳಿಯಿತು. "ಮುಂದಿನ ಸರ್ತಿ ಬರೂದ್ರಾಗ ಕಲತಿರ್ತೇನ್ರಿ ಬಾಯಾರ" ಎಂದೆ.

ಕಲಿಯುತ್ತಿದ್ದೇನೆ. ಸಂಜೆ ಹಣಮಂತಪ್ಪ ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ನಾನು ಹೊಸ್ತಿಲ ಒಳಗೆ ಕೂರುತ್ತೇನೆ. ನಾನು ಈ ಮನೆಗೆ ಬರುವ ಮೊದಲಿನ ನಮ್ಮವರು ಇನ್ನು ಆ ಒಂದು ಬಾಯಲ್ಲಿ ಮಾತ್ರ ಇದ್ದಾರೆ. ಮಲಪ್ರಭೆಯಲ್ಲಿ ಈಜಲು ಹೋಗಿ ಅಂಗಿ ಕಳೆದುಕೊಂಡ ಹುಡುಗ, ಗುಮ್ಮನಿಗೆ ಹೆದರುತ್ತಿದ್ದ ಹುಡುಗ, ಇವರನ್ನೆಲ್ಲ ನಾನು ಈಗ ನೋಡುತ್ತಿದ್ದೇನೆ.

ನಮ್ಮವರು ಕನ್ಯೆ ನೋಡಲು ನಮ್ಮ ತವರಿಗೆ ಬಂದ ದಿನದ ಸುದ್ದಿಯನ್ನು ನಿನ್ನೆ ತೆಗೆದರು. ಅಂದು ಜೊತೆಗೆ ಬಂದವರು ಅವರೇ. ತಿರುಗಿ ಹೋಗುವಾಗ, ಚಕ್ಕಡಿಯಲ್ಲಿ, ನನ್ನ ಬಗ್ಗೆ ನಮ್ಮವರು ಏನೋ ಅಂದರಂತೆ. ಏನಂದರು ಎಂಬುದು ಮಾತ್ರ ಆ ಬಾಯಲ್ಲೇ ಕಲಸಿಹೋಯಿತು.

"ಏನಂದ್ರು ಅಣ್ಣಾ?"

ಮತ್ತೆ ಹೇಳಿದರು. ತಿಳಿಯಲಿಲ್ಲ. ಮತ್ತೆ ಕೇಳಿದೆ. ಮತ್ತೆ ಹೇಳಿ, ಬೇಸತ್ತು ತೊಡೆ ತಟ್ಟಿಕೊಂಡು ಎದ್ದರು.

"ನಾಳಿಗೆ ಬರ್ರಿ ಅಣ್ಣಾ. ನಿಧಾನಕ ಹೇಳ್ರಿ."

ಇವತ್ತು ಬೇಗನೇ ಕಸ ಗುಡಿಸಿ, ಕಟ್ಟೆಗೆ ಜಮಖಾನ ಹಾಸಿದ್ದೇನೆ. ಮುಖ ತೊಳೆದು ವಿಭೂತಿ ಹಚ್ಚಿಕೊಂಡಿದ್ದೇನೆ. ಹಣಮಂತಣ್ಣ ಇನ್ನೂ ಓಣಿಯ ತಿರುವಿನಲ್ಲಿ ಕಾಣಿಸಿಲ್ಲ.