ಸದ್ದು ನಿಂತ ಉರಿ

ಬಿಟ್ಟನ್ ಚಾಚಿಯ ಬಾಯಿ ಕೆಟ್ಟದ್ದು ಅಂತ ಫಿರೋಜಾಬಾದಿನ ಆ ಗಲ್ಲಿಯಲ್ಲಿ ಎಲ್ಲರೂ ಹೇಳುತ್ತಾರೆ. ಪಕ್ಕದ ಮನೆಯ ಅನೀಸಾಳ ಎದುರು ಮಾತ್ರ ಹೇಳುವ ಹಾಗಿಲ್ಲ, ಜಗಳಕ್ಕೇ ಬರುತ್ತಾಳೆ.

ಕುಲುಮೆಯಿಂದ ಬರುವ ಗಾಜಿನ ಬಳೆಗಳ ಬಾಯಿ ಬಿಟ್ಟಿರುತ್ತದೆ. ಗ್ಯಾಸಿನ ಉರಿಗೆ ಹಿಡಿದು ಎರಡು ತುದಿ ಕೂಡಿಸುವುದು, ಮದುವೆಯಾಗಿ ಬಂದಾಗಿನಿಂದ ಅನೀಸಾಳ ಕೆಲಸ. ಉರಿ ಅಲುಗಿದರೆ ಬೆಸುಗೆ ಸೊಟ್ಟ. ಹಾಗಾಗಿ ಫ್ಯಾನು ಬಂದ್, ಕಿಟಕಿ ಬಂದ್, ಬಾಗಿಲೂ ಬಂದ್. ಬರ್ನರಿನ ಬುಡದ ತೂತಿನಿಂದ ಗಾಳಿ ಎಳೆದುಕೊಂಡು ನೀಲಿ ಉರಿ ಬುಸುಗುಡುತ್ತಿತ್ತು.

"ನಿನ್ನ ಹಾವನ್ನ ಸ್ವಲ್ಪ ಮಲಗಿಸೇ ತಾಯಿ, ನಂಗೆ ಕಣ್ಣು ಹತ್ತಲ್ಲ," ಗೋಡೆಯಾಚೆಯಿಂದ ಚಾಚಿ ಬೈಯುವಳು.

"ಅದು ಮಲಗಿದ್ರೆ ನಮ್ಮ ಹೊಟ್ಟೆಗೇನು ಹಾಕ್ತೀಯ ಚಾಚಿ?"

ರಂಜಾನಿನ ಒಂದು ಮಧ್ಯಾಹ್ನ ಗಾಜಿನ ಪುಡಿ, ಧೂಳು ಸೇರಿ ಆ ತೂತು ಕಟ್ಟಿಕೊಂಡಿತು. ಗಾಳಿ ಸಾಲದ ಉರಿ ಹಳದಿಗೆ ತಿರುಗಿತು, ಬುಸುಗುಡುವುದೂ ನಿಂತಿತು. ಗಾಜು ತಾಗಿದರೂ ಉರಿ ಹಳದಿಯಾಗುತ್ತದಲ್ಲ, ಅದೇ ಇರಬೇಕೆಂದುಕೊಂಡಳು ಅನೀಸಾ. ಬಳೆ ತೆಗೆದ ಮೇಲೂ ಹಳದಿ ಹೋಗಲಿಲ್ಲ. ಹಬ್ಬದ ಅವಸರದಲ್ಲಿ ಯಾರು ನೋಡುತ್ತಾರೆ? ಸದ್ದು ನಿಂತದ್ದು ಅವಳಿಗೆ ಖುಷಿಯೇ ಆಯಿತು, ತೊಟ್ಟಿಲಲ್ಲಿ ಮಗಳು ರೂಹಿ ಅಲುಗದೆ ಮಲಗಿದ್ದಳು. ತಲೆ ಸಿಡಿಯತೊಡಗಿದಾಗ ಉಪವಾಸದ್ದು ಅಂದುಕೊಂಡಳು. ಸರಿಯಾಗಿ ಉರಿಯದ ಗ್ಯಾಸಿನ ವಿಷ ಕೋಣೆ ತುಂಬುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಗೋಡೆಯಾಚೆ ಚಾಚಿಗೆ ಜೊಂಪು ಹತ್ತಿತ್ತು. ಹಾವಿನ ಬುಸುಗುಡುವ ಸದ್ದೇ ಇಲ್ಲವಲ್ಲ ಎಂದು ತಟ್ಟನೆ ಎದ್ದು ಕುಳಿತಳು. ಹಬ್ಬ ಎದುರಿಗಿರುವಾಗ ಇವಳು ಕೆಲಸ ನಿಲ್ಲಿಸುವುದೇ? ಬಂದು ನೋಡಿದರೆ ಬಾಗಿಲ ಸಂದಿಯಲ್ಲಿ ಉರಿಯ ಬೆಳಕಿದೆ. ಕೂಗಿದರೆ ಉತ್ತರವಿಲ್ಲ. ಆ ಮುದುಕಿ ಭುಜ ಕೊಟ್ಟು ಚಿಲಕ ಕಿತ್ತಳು. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು, ನೆಲಕ್ಕೊರಗಿದ್ದ ತಾಯಿಯನ್ನು ರಟ್ಟೆ ಹಿಡಿದು ಗಲ್ಲಿಗೆ ಎಳೆದು ಹಾಕಿದಳು.

ಗಾಳಿ ತಾಗಿ ರೂಹಿ ಅತ್ತಳು. ಬಹಳ ಹೊತ್ತಿಗೆ ಅನೀಸಾ ಕಣ್ಣು ಬಿಟ್ಟು, "ಮಗು?" ಅಂದಳು.

"ನಿನಗಿಂತ ಜೋರಾಗಿದೆ ಕಣೇ ದರಿದ್ರದವಳೇ," ಎಂದು ಬೈಯುತ್ತಲೇ ಚಾಚಿ ಅತ್ತುಬಿಟ್ಟಳು.

ಈಗ ಅನೀಸಾ ಕೂರುವ ಮೊದಲು ಸೂಜಿಯಿಂದ ಆ ತೂತು ಚೊಕ್ಕ ಮಾಡುತ್ತಾಳೆ. ಬಾಗಿಲು ತೆರೆದೇ ಇರುತ್ತದೆ. ಉರಿ ಅಲುಗಬಾರದಲ್ಲ, ಅದಕ್ಕೆ ಚಾಚಿಯೇ ಹೊಸ್ತಿಲಿಗೆ ಅಡ್ಡವಾಗಿ, ಗಲ್ಲಿಗೆ ಬೆನ್ನು ಹಾಕಿ ಕೂರುತ್ತಾಳೆ. ಬೇಸಿಗೆಯ ಬಿಸಿಗಾಳಿ ಆ ಬೆನ್ನನ್ನು ಸುಡುತ್ತದೆ. ಸಾಕು, ನಿನ್ನ ಮನೆಗೆ ಹೋಗು ಅಂದರೆ, "ಬಾಯಿ ಮುಚ್ಚಿ ಬಳೆ ಕೂಡಿಸು," ಅನ್ನುತ್ತಾಳೆ.

ಅನೀಸಾ ಬಾಯಿ ಮುಚ್ಚುತ್ತಾಳೆ. ನಮಾಜಿನ ಕೊನೆಗೆ ಕೈಯೆತ್ತಿದಾಗ ಮಾತ್ರ ಕೇಳುತ್ತಾಳೆ: ಯಾ ಅಲ್ಲಾ, ನನ್ನ ಆಯುಷ್ಯದಲ್ಲಿ ಒಂದಷ್ಟು ಕಿತ್ತು ಈ ಮುದುಕಿಗೆ ಹಾಕು.