ಬಸ್ಸಿನಲ್ಲಿ ಹೋದ ಕಾದಂಬರಿ

ಬೆಳಿಗ್ಗೆ ನನ್ನ ಹೊಸ ಕಾದಂಬರಿಯ ಒಂದು ಪ್ರತಿಯನ್ನು ಭಾಗಮಂಡಲದ ಅತ್ತೆಗೆ ತಲುಪಿಸಲು ಮಡಿಕೇರಿಯಲ್ಲಿ ಬಸ್ ಕಂಡಕ್ಟರ್ ಪೂವಯ್ಯಣ್ಣನ ಕೈಗೆ ಕೊಟ್ಟೆ ಮಾರಾಯ್ರೆ. ಔಷಧಿ, ಪಂಪಿನ ವಾಷರ್, ಮದುವೆ ಕಾಗದ ಎಲ್ಲವನ್ನೂ ತಲುಪಿಸುವವರು ಅವರೇ. ಮಧ್ಯಾಹ್ನ ಅತ್ತೆಯ ಫೋನ್: "ಬಸ್ಸು ಬಂತು, ಪುಸ್ತಕ ಬರ್ಲಿಲ್ಲ ಮಗಾ."

ಸಂಜೆ ಬಸ್‌ಸ್ಟ್ಯಾಂಡಿಗೇ ಹೋಗಿ ಪೂವಯ್ಯಣ್ಣನನ್ನು ಹಿಡಿದೆ.

"ಎರಡ್ನೇ ಟ್ರಿಪ್ಪಲ್ಲಿ ಕೊಟ್ಟೆ ಅಕ್ಕ. ಮೊದಲ್ನೇ ಟ್ರಿಪ್ಪಲ್ಲಿ ಓದಿ ಮುಗಿದಿರ್ಲಿಲ್ಲ."

"ಬೇರೆಯವರ ಪಾರ್ಸಲ್ ಬಿಚ್ಚಿ ಓದೋದಾ?"

"ಬಿಚ್ಚೋಕೆ ನೀವು ಕವರ್ ಎಲ್ಲಿ ಹಾಕಿದ್ರಿ?"

"ಸರಿ, ಅತ್ತೆಗೆ ಕಥೆ ಹೇಳಿಲ್ಲ ತಾನೆ?"

"ಛೆ ಛೆ! ಕೊನೆ ಮಾತ್ರ ಹೇಳ್ದೆ. ಅವ್ರ ಬಿಪಿ ಮಾತ್ರೆ ತಲ್ಪಿಸೋದೂ ನಾನೇ ಅಲ್ವಾ? ಆ ಹುಡುಗಿ ಹೊಳೆ ಪಾಲಾದ್ಲು ಅಂತ ಓದಿ ಅವ್ರಿಗೆ ಏನಾದ್ರೂ ಆದ್ರೆ? ಬದುಕಿ ಬರ್ತಾಳೆ, ಧೈರ್ಯವಾಗಿ ಓದಿ ಅಂದೆ."

ಬೈಯಲು ಹೋದವಳು ಕಾಫಿ ಕೊಡಿಸಿದೆ. ಮೊನ್ನೆ ಬಿಡುಗಡೆ ಸಮಾರಂಭದಲ್ಲಿ ಗಂಟೆಗಟ್ಟಲೆ ಹೊಗಳಿದ ಅತಿಥಿಗಳು ಬಿಚ್ಚಿದ್ದು ಪುಸ್ತಕದ ರಿಬ್ಬನ್ ಮಾತ್ರ. ಕೊನೆಯ ಪುಟದವರೆಗೆ ಹೋಗಿ ಬಂದ ಮೊದಲ ಓದುಗ ಈ ಪೂವಯ್ಯಣ್ಣ.

ಈಗ ಡ್ರೈವರಣ್ಣನೂ ಒಂದು ಪ್ರತಿ ಕೇಳುತ್ತಿದ್ದಾರೆ. ಕೊಡಲು ಭಯ. ಅದು ಬೆಟ್ಟದ ರಸ್ತೆ.